ಬಾಗ್ ಕಾಣುವ ಗೋಡೆ

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಮನೆಯವರು ದೇವದುರ್ಗದ ಕಡೆಯಿಂದ ಬಂದರು. ಸಿರವಾರದಲ್ಲಿ ಬಸ್ಸು ಬದಲಿಸಿ, ಮಾನ್ವಿಯ ಬಸ್ ನಿಲ್ದಾಣದಿಂದ ನಡೆದೇ ಬಂದಿದ್ದರು. ಹೆಗಲಲ್ಲಿ ಕೆಲಸದ ಚೀಲ, ಕೈಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಸೀತಾಫಲ. ನಾನು ಹೊಲಿಗೆ ಮಷೀನಿನ ಮುಂದೆ ಕೂತಿದ್ದೆ. ಹಬ್ಬ ಹತ್ತಿರ ಬಂದಿತ್ತು, ಹೊಲಿಯಬೇಕಾದ ಜಂಪರುಗಳು ರಾಶಿ ಬಿದ್ದಿದ್ದವು. ಅವರು ಚೀಲ ಇಳಿಸಿ, ಕೈಕಾಲು ತೊಳೆದು ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಬೆರಳ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು. ಅದು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅವರದು ಗೌಂಡಿ ಕೆಲಸ. ಸಿಮೆಂಟಿನ ಕೆಲಸ ಈಗ ಎಲ್ಲರಿಗೂ ಬರುತ್ತದೆ, ಅವರಿಗೆ ಹಳೆಯ ಕಾಲದ ಗಚ್ಚಿನ ಕೆಲಸ ಬರುತ್ತಿತ್ತು. ಸುಣ್ಣವನ್ನು ಕುಣಿಯಲ್ಲಿ ನೆನೆಹಾಕಿ ಕೊಳೆಯಿಸಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರು ಹಾಕಿ ಹದ ಮಾಡುವ ಕೆಲಸ. ಸೋದರಮಾವನಿಂದ ಕಲಿತಿದ್ದರು. ದೇವದುರ್ಗದ ಹತ್ತಿರದ ಒಂದು ಹಳೆಯ ವಾಡೆಯನ್ನು, ಅಂದರೆ ಅಲ್ಲಿನ ನಾಯಕರ ಅರಮನೆಯನ್ನು, ದುರಸ್ತಿ ಮಾಡಲು ರಾಯಚೂರಿನ ಒಬ್ಬ ಗುತ್ತಿಗೆದಾರರು ಅವರನ್ನು ಕರೆಸಿಕೊಂಡಿದ್ದರು. ಅಲ್ಲೇ ಉಳಿದು ಕೆಲಸ ಮಾಡಿ, ಅಮಾವಾಸ್ಯೆಗೆ ಮನೆಗೆ ಬರುತ್ತಿದ್ದರು.

“ಕೊನಿ ಲೇಪ ಹಚ್ಚಿ ಬಂದೀನಿ,” ಅಂದರು.

ನಾನು ಮಷೀನು ನಿಲ್ಲಿಸಿದೆ. “ನಾಳಿ ಅಮಾಸಿ ಅಲ್ಲೇನ್ರೀ? ನಾಳಿ ಕೈ ಹಚ್ಚಂಗಿಲ್ಲ. ಗ್ವಾಡಿ ಒಣಗಿ ಹೋದ್ರ?”

“ಸುಣ್ಣ ಹದಕ್ಕ ಬಂದಿತ್ತು. ಅಮಾಸಿ ಮುಗಿಯೋತನ ನಿಂದ್ರು ಅಂದ್ರ ನಿಂದ್ರತದೇನು? ಹಸಿ ಗೋಣಿತಟ್ಟು ಹೊಚ್ಚಿ ಬಂದೀನಿ. ಒಂದಿನ ತಡೀತದ.”

ಒಳಗಿನಿಂದ ಅತ್ತೆ, “ಎಡಗೈಯವನ ಕೆಲಸ ಎಲ್ಲಾ ಉಲ್ಟಾನ,” ಅಂದರು.

“ಹಡದಾಕಿ ನೀನ ಅಲ್ಲೇನಬೇ,” ಎಂದು ಅವರು ನಕ್ಕು ಸೀತಾಫಲ ಬಿಡಿಸತೊಡಗಿದರು. ಅವತ್ತು ಇದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ರೊಟ್ಟಿ, ಪುಂಡಿಪಲ್ಯ ತಿಂದರು. ಬೀದಿಯ ತುದಿಯವರೆಗೆ ಹೋಗಿ ಚಹಾ ಕುಡಿದು ಬಂದರು. ನಾನು ಜಂಪರ್ ಮುಗಿಸಿದೆ.

ಇದನ್ನು ಓದುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ನಾನೀಗ ಬರೆಯಹೊರಟಿರುವಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಎದುರಿಗೆ ಹೂಂ ಅಂದು, ಆಮೇಲೆ ಮನೆಯಲ್ಲಿ ನಗುತ್ತಿದ್ದೆ. ನನ್ನ ತವರು ಕವಿತಾಳ. ಅಲ್ಲಿ ಚಿಕ್ಕಂದಿನಲ್ಲಿ ಇಂಥ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಪಿಯುಸಿವರೆಗೆ ಓದಿದೆ, ಮುಂದೆ ಮನೆಯಲ್ಲೇ ಹೊಲಿಗೆ ಹಾಕಿಕೊಂಡೆ. ನನ್ನ ಗಂಡ ತಿಂಗಳುಗಟ್ಟಲೆ ಪಾಳುಬಿದ್ದ ಕಟ್ಟಡಗಳಲ್ಲಿ ಮಲಗಿ ಎದ್ದವರು. ಯಾರಾದರೂ ಹೆದರಿಸಿದರೆ, ಹಳೇ ವಾಡೆಯಲ್ಲಿ ಇರುವುದು ಬಾವಲಿ, ಅವು ಮಾಡುವ ಗಲೀಜು ತೊಳೆಯುವುದಕ್ಕೇ ಹೊತ್ತು ಸಾಲುವುದಿಲ್ಲ, ದೆವ್ವಕ್ಕೆ ಎಲ್ಲಿಯ ಜಾಗ ಅನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಈಗಲೂ ಬಹುಮಟ್ಟಿಗೆ ಹಾಗೇ ತಿಳಿದಿದ್ದೇನೆ. ಆದರೆ ಒಂದು ಗೋಡೆಯ ವಿಷಯದಲ್ಲಿ ನನಗೆ ಏನೂ ತಿಳಿಯುತ್ತಿಲ್ಲ.

ಆ ವಾಡೆಯನ್ನು ನಾನು ಅದಕ್ಕೂ ಮೊದಲು ಒಮ್ಮೆ ನೋಡಿದ್ದೆ. ಕೆಲಸ ಶುರುವಾದ ಹೊಸದರಲ್ಲಿ ಅವರೇ ಕರೆದುಕೊಂಡು ಹೋಗಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಮನೆತನದವರು ಈಗಲೂ ಹೈದರಾಬಾದಿನಲ್ಲಿ ಇದ್ದಾರೆ, ಅವರಿಗೆ ನನ್ನ ಬರಹದಿಂದ ತೊಂದರೆ ಆಗಬಾರದು. ನಿಜಾಮರ ಕಾಲದಲ್ಲಿ ಕಾಣಿಕೆ ಒಪ್ಪಿಸುತ್ತ ತಮ್ಮ ನಾಲ್ಕು ಹಳ್ಳಿ ಉಳಿಸಿಕೊಂಡ ಸಣ್ಣ ನಾಯಕರು ಅವರು. ದೊಡ್ಡ ಅರಮನೆಗಳನ್ನು ನೋಡಿದವರಿಗೆ ಆ ವಾಡೆ ಏನೂ ಅನಿಸಲಿಕ್ಕಿಲ್ಲ. ಮುಂದಿನಿಂದ ನೋಡಿದರೆ ಬರೀ ಕಪ್ಪು ಕಲ್ಲಿನ ಗೋಡೆ, ಎರಡು ಬುರುಜು, ಕಬ್ಬಿಣದ ಮೊಳೆ ಹೊಡೆದ ಬಾಗಿಲು, ಅದರ ಮೇಲೆ ನಗಾರಿ ಬಾರಿಸುವ ಕೋಣೆ. ಕಿಟಕಿ ಒಂದೂ ಇಲ್ಲ. ಬಾಗಿಲಲ್ಲಿ ಇನ್ನೊಂದು ಚಿಕ್ಕ ಬಾಗಿಲು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ಅದು ಬೇರೆಯೇ ಮನೆ. ತೇಗದ ಕಂಬಗಳ ಪಡಸಾಲೆ, ಕಂಬಗಳ ತಲೆಗೆ ಗಿಳಿ ಮತ್ತು ಬಾಳೆಹೂವಿನ ಕೆತ್ತನೆ. ಅದನ್ನು ದಾಟಿದರೆ ರಾಣಿವಾಸ. ಅಲ್ಲಿ ಮರವಿಲ್ಲ, ಎಲ್ಲ ಕಮಾನು, ಎಲ್ಲ ಗಚ್ಚು. ರಾಯಚೂರಿನ ಕೋಟೆಯನ್ನೂ ಹೈದರಾಬಾದಿನ ಮಹಲುಗಳನ್ನೂ ಕಂಡುಬಂದ ಮುಂದಿನ ತಲೆಮಾರಿನ ನಾಯಕನೊಬ್ಬ ಕೆಲಸಗಾರರನ್ನು ಕರೆಸಿ ಕಟ್ಟಿಸಿದ್ದಂತೆ. ಹೆದರಿದವರು ಕಟ್ಟಿಸಿದ್ದು ಮುಂದಿನದು, ಹೆದರಿಕೆ ಹೋದವರು ಕಟ್ಟಿಸಿದ್ದು ಹಿಂದಿನದು ಎಂದು ನಮ್ಮ ಮನೆಯವರು ನನಗೆ ವಿವರಿಸಿದರು.

ಎಲ್ಲಕ್ಕಿಂತ ಹಿಂದೆ ತೋಟ. ಊರವರು ಅದನ್ನು ಇವತ್ತಿಗೂ ಬಾಗ್ ಅನ್ನುತ್ತಾರೆ. ಕಲ್ಲಿನ ಕಾಲುವೆಗಳು ಅದನ್ನು ನಾಲ್ಕು ಭಾಗ ಮಾಡಿವೆ, ನಡುವೆ ಚೌಕಾಕಾರದ ನೀರಿನ ತೊಟ್ಟಿ. ಎತ್ತುಗಳು ಬಾವಿಯಿಂದ ಎಳೆದ ನೀರು ಮೊದಲು ಒಂದು ಇಳಿಜಾರು ಕಲ್ಲಿನ ಮೇಲೆ ಹರಿಯುತ್ತಿತ್ತು. ಆ ಕಲ್ಲಿಗೆ ಮೀನಿನ ಮೈಯಂತೆ ಹುರುಪೆ ಹುರುಪೆ ಕೆತ್ತಿದ್ದಾರೆ, ನೀರು ಸಪ್ಪಳ ಮಾಡಲಿ ಅಂತ. ನಾನು ನೋಡಿದಾಗ ನೀರಿರಲಿಲ್ಲ. ಬೇವು, ದಾಳಿಂಬೆ, ತಾವೇ ಬೆಳೆದ ಸೀತಾಫಲದ ಗಿಡಗಳು ಇದ್ದವು. ಕಾಲುವೆಯಲ್ಲಿ ಯಾರದೋ ಆಡು ಮಲಗಿತ್ತು.

ತೋಟಕ್ಕೆ ಹೊಂದಿಕೊಂಡು ಬೇಸಿಗೆಯಲ್ಲಿ ಕೂರುವ ಒಂದು ತಂಪು ಕೋಣೆ ಇದೆ. ಒಂದೇ ಬಾಗಿಲು. ತೋಟದ ಕಡೆಗೆ ಅಗಲವಾದ ಕಲ್ಲಿನ ಜಾಲಂಧ್ರ, ಅದರ ತೂತುಗಳಲ್ಲಿ ನನ್ನ ಕೈ ಹಿಡಿಸುವುದಿಲ್ಲ. ಅದರ ಎದುರಿನ ಗೋಡೆಯೇ ನಾನು ಹೇಳುತ್ತಿರುವ ಗೋಡೆ. ಹಿಂದೆ ಅದಕ್ಕೆ ಎಂಥ ಮೆರುಗು ಕೊಟ್ಟಿದ್ದರೆಂದರೆ ಇಡೀ ತೋಟ ಅದರಲ್ಲಿ ಕಾಣುತ್ತಿತ್ತಂತೆ. ಗಂಡ ತೀರಿಕೊಂಡ ಮೇಲೆ ಒಬ್ಬ ರಾಣಿ ಹೊರಗೆ ಕಾಲಿಡಲಿಲ್ಲ, ಜಾಲಂಧ್ರದ ಹತ್ತಿರವೂ ಬರಲಿಲ್ಲ, ತೋಟಕ್ಕೆ ಬೆನ್ನು ಮಾಡಿ ಕೂತು ಗೋಡೆಯಲ್ಲಿ ಗಿಡಗಳನ್ನು ನೋಡುತ್ತಿದ್ದಳು ಎಂದು ವಾಡೆ ಕಾಯುವ ತಾಯವ್ವ ಹೇಳಿದಳು. ಎಷ್ಟು ನಿಜವೋ ಗೊತ್ತಿಲ್ಲ. ನಾನು ಆಗ ನೋಡಿದ ಗೋಡೆ ಅಲ್ಲಲ್ಲಿ ಉದುರಿ, ಹೊಗೆ ಹಿಡಿದಿತ್ತು, ಅದರ ಮೇಲೆ ಯಾರು ಯಾರೋ ಹೆಸರುಗಳನ್ನು ಗೀಚಿದ್ದರು. “ಇದರಾಗ ಬಾಗ್ ಕಾಣಂಗ ಮಾಡ್ತೀನಿ, ಆವಾಗ ನಿನ್ನ ಮತ್ತ ಕರಕೊಂಡು ಬರ್ತೀನಿ,” ಎಂದು ಅವರು ನನಗೆ ಹೇಳಿದರು. ತಾಯವ್ವ ಬಾಗಿಲಲ್ಲೇ ನಿಂತಿದ್ದಳು. “ಮೊದಲ ನಿನ್ನ ಮಾರಿ ಕಾಣಂಗ ಮಾಡಪಾ, ಸುಣ್ಣ ಹತ್ತಿ ಬೂದಗುಂಬಳ ಆಗ್ಯಾದ,” ಅಂದಳು. ಆ ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಅವಳ ಬಾಯಿಗೆ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನನ್ನ ಗಂಡನನ್ನು ಎಡಗೈ ಮೇಸ್ತ್ರಿ ಎಂದೇ ಕರೆಯುತ್ತಿದ್ದಳು.

ಎಡಗೈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಚ್ಚಿನ ಕೊನೆಯ ಲೇಪ ಹಚ್ಚಿದ ಮೇಲೆ, ಅದು ಒಳಗೆ ಹಸಿ ಇರುವಾಗಲೇ ನುಣುಪಾದ ಕಲ್ಲಿನಿಂದ ತಿಕ್ಕುತ್ತ ಹೋಗಬೇಕು. ತಡವಾದರೆ ಮೆರುಗು ಏರುವುದಿಲ್ಲ, ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಕೆತ್ತಿ ಬಿಸಾಡಿ ಹೊಸದಾಗಿ ಹಚ್ಚಬೇಕಾಗುತ್ತದೆ. ಆ ಕಲ್ಲು ಗೋಡೆಯ ಮೇಲೆ ಬಿಲ್ಲಿನಂಥ ಗೆರೆಗಳನ್ನು ಬಿಡುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ಕಾಣುತ್ತವೆ. ಬಲಗೈಯವರ ಗೆರೆಗಳು ಬಲಕ್ಕೆ ಏರುತ್ತವೆ, ನಮ್ಮ ಮನೆಯವರವು ಎಡಕ್ಕೆ ಏರುತ್ತಿದ್ದವು. ಹಾಗಾಗಿ ಅವರೂ ಖಾಜಾನೂ ಒಂದು ಗೋಡೆಯನ್ನು ಹಂಚಿಕೊಳ್ಳುತ್ತಿರಲಿಲ್ಲ. ಖಾಜಾ ಅಂದರೆ ಅವರ ಜೊತೆಯ ಗೌಂಡಿ, ರಾಯಚೂರಿನವನು, ಅವರನ್ನು ಅಣ್ಣ ಅಂತಲೂ ನನ್ನನ್ನು ವೈನಿ ಅಂತಲೂ ಕರೆಯುವವನು. ಇಬ್ಬರ ಕೈ ಸೇರಿದರೆ ನಡುವೆ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ ಎಂದು ಅವನು ನಗುತ್ತಿದ್ದ. ಹೊಲಿಗೆಯವಳಾದ ನನಗೆ ಆ ಮಾತು ಸುಲಭವಾಗಿ ಅರ್ಥವಾಗಿತ್ತು. ಯಾವ ಕೈ ಹಾಕಿದ ಹೆಮ್ಮಿಂಗ್ ಯಾವುದು ಎಂದು ನಾನೂ ಹೇಳಬಲ್ಲೆ.

ಇನ್ನು ಅಮಾವಾಸ್ಯೆ. ನಮ್ಮ ಕಡೆ ಅವತ್ತು ಗೌಂಡಿಗಳು ಕೆಲಸ ಮುಟ್ಟುವುದಿಲ್ಲ. ಕರಣಿ, ಗುಂಡು, ಮಟ್ಟಗೋಲು, ತಿಕ್ಕುವ ಕಲ್ಲು ಎಲ್ಲವನ್ನೂ ತೊಳೆದು, ಗೋಡೆಗೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಇದು ಗೊತ್ತಿದ್ದ ಯಾವ ಗೌಂಡಿಯೂ ಹಿಂದಿನ ದಿನ ಕೊನೆಯ ಲೇಪ ಹಚ್ಚುವುದಿಲ್ಲ. ಇವರು ಹಚ್ಚಿದರು. ಸುಣ್ಣದ ಹದ ಕಂಡು ಆಸೆ ತಡೆಯಲಿಲ್ಲ, ಅಷ್ಟೇ.

ಅಮಾವಾಸ್ಯೆಯ ಬೆಳಿಗ್ಗೆ ಅವರು ಸ್ನಾನ ಮಾಡಿ ಸಾಮಾನುಗಳನ್ನು ತೊಳೆದು ಪಡಸಾಲೆಯಲ್ಲಿ ಇಟ್ಟರು. ತಿಕ್ಕುವ ಕಲ್ಲಿಗೆ ಕುಂಕುಮ ಹಚ್ಚಿದರು. ನಾನು ಒಳಗೆ ಹೋಳಿಗೆಗೆ ಕಣಕ ನಾದುತ್ತಿದ್ದೆ. ಕಾಯಿ ತಗೊಂಡು ಬಾ ಎಂದು ಕೂಗಿದರು. ಕಾಯಿ ತಂದು ನೋಡಿದರೆ ಕಂಬಕ್ಕೆ ಒರಗಿದ್ದರು. ಕಣ್ಣು ತೆರೆದೇ ಇತ್ತು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ಬಹಳ ಹೊತ್ತು ನೋಡಲಿಲ್ಲ. ಎದೆ ನಿಂತಿದೆ ಅಂದರು. ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದೆ ಜನ ಸೇರಿದರು, ಖಾಜಾ ರಾಯಚೂರಿನಿಂದ ಓಡಿ ಬಂದ. ಸಂಜೆ ಮಣ್ಣು ಮಾಡಿದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಖಾಜಾನ ಫೋನು ಬಂತು. ಅಲ್ಲಿಯವರೆಗೆ ಅವನೂ ಕೆಲಸಕ್ಕೆ ಹೋಗಿರಲಿಲ್ಲ, ವಾಡೆಯ ಕಡೆ ಯಾರೂ ಸುಳಿದಿರಲಿಲ್ಲ. ಮಾತು ತಡೆದು ತಡೆದು ಆಡಿದ. ತಂಪು ಕೋಣೆಯ ಬಾಗಿಲಿಗೆ ಅಣ್ಣ ತನ್ನದೇ ಬೀಗ ಹಾಕಿ ಬಂದಿದ್ದಾನೆ, ದನ ಆಡು ನುಗ್ಗಿ ಹಸಿ ಗೋಡೆಗೆ ಮೈ ತಿಕ್ಕಬಾರದು ಅಂತ; ಅದರ ಕೀಲಿಕೈ ಅವನ ಅಂಗಿಯಲ್ಲಿ ಇರಬೇಕು ಅಂದ. ನಾನು ಎದ್ದು ನೋಡಿದೆ. ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಲ್ಲಿ ಇತ್ತು. ಮತ್ತೆ ಏನು ಎಂದು ಕೇಳಿದೆ.

“ಗ್ವಾಡಿ ಒಣಗಿ ಬಿರಕ ಬಿಟ್ಟಿರತದ ವೈನಿ. ಸಾಹುಕಾರ ಕೆತ್ತಿ ಒಗಿ ಅಂದಾರ. ನಾ ಬಂದು ಕೀಲಿಕೈ ಒಯ್ತೀನಿ.”

ಗುತ್ತಿಗೆದಾರರು ಹೇಳಿದ್ದರಲ್ಲಿ ತಪ್ಪಿಲ್ಲ. ಹಾಗೆ ಒಣಗಿದ ಲೇಪವನ್ನು ಕೆತ್ತಲೇಬೇಕು. ಆದರೆ ಅದು ಅವರ ಕೈ ಮುಟ್ಟಿದ ಕೊನೆಯ ಕೆಲಸ. ಮೆರುಗು ಇಲ್ಲದಿದ್ದರೆ ಬೇಡ, ಬಿರುಕು ಬಿಟ್ಟಿದ್ದರೂ ಸರಿ, ಉಳಿ ಬೀಳುವ ಮೊದಲು ಅದನ್ನು ಒಮ್ಮೆ ನೋಡಬೇಕು, ಕೈಯಿಂದ ಮುಟ್ಟಬೇಕು. ಕೀಲಿಕೈ ನಾನೇ ತರುತ್ತೇನೆ ಎಂದುಬಿಟ್ಟೆ.

ಮನೆಯಲ್ಲಿದ್ದ ನೆಂಟರು ಒಪ್ಪಲಿಲ್ಲ. ದಿನಗಳಿನ್ನೂ ಮುಗಿದಿಲ್ಲ, ಇಂಥ ಹೊತ್ತಿನಲ್ಲಿ ಹೊಸ್ತಿಲು ದಾಟುವುದೆಂದರೇನು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅತ್ತೆ ಮೂಲೆಯಲ್ಲಿ ಮಲಗಿದ್ದರು, ಎದ್ದು ಕೂತರು. “ಹೋಗಿ ಬಾ ಯವ್ವಾ. ಕೇಳಿದವ್ರಿಗೆ ನಾ ಹೇಳ್ಕೋತೀನಿ. ಅವ ಹಚ್ಚಿದ್ದು ಒಮ್ಮಿ ನೋಡಿ ಬಾ, ನನ್ನ ಪಾಲಿಂದೂ,” ಅಂದರು.

ಮರುದಿನ ಬೆಳಿಗ್ಗೆ ಖಾಜಾ ಮೋಟಾರ್‌ಸೈಕಲ್ ತಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಹತ್ತಿ ಹೊಲಗಳು, ಭತ್ತದ ಗದ್ದೆಗಳು. ವಾಡೆ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ತಾಯವ್ವ ದೊಡ್ಡ ಬಾಗಿಲಿನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಗಾಡಿಯ ಸಪ್ಪಳ ಕೇಳಿ ಮುಖ ಎತ್ತಿದಳು. ಅವಳಿಗೆ ಸುದ್ದಿ ಮುಟ್ಟಿಲ್ಲ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ನಾನವ್ವ, ಮಾನ್ವಿಯವಳು ಅಂದೆ. ಅವಳಿಗೆ ದನಿ ನೆನಪಿತ್ತು.

“ಎಡಗೈ ಮೇಸ್ತ್ರಿ ಹೇಣ್ತಿ ಏನು? ಬಾ, ಛಲೋ ಆತು ಬಂದಿ. ನಿನ್ನ ಗಂಡಗ ಸ್ವಲ್ಪ ಬುದ್ಧಿ ಹೇಳು. ಅಮಾಸಿ ದಿನ ಕೈ ಹಚ್ಚಬಾರದು ಅಂತ ಊರಿಗೆಲ್ಲ ಹೇಳ್ತಾನ, ತಾನು ಬಂದು ಒಳಗ ಸೇರ್ಕೊಂಡು ತಿಕ್ಕಾಕತ್ತಿದ್ದ. ಕರದ್ರ ಓ ಅನ್ನಂಗಿಲ್ಲ, ಅಷ್ಟು ಸೊಕ್ಕು.”

ಖಾಜಾ ಗಾಡಿಗೆ ಸ್ಟ್ಯಾಂಡ್ ಹಾಕುತ್ತಿದ್ದವನು ಹಾಗೇ ನಿಂತ. “ಯಾವಾಗ, ಯವ್ವಾ?”

“ಅಮಾಸಿ ದಿನಾನ. ಮಧ್ಯಾಹ್ನ ಉಂಡು ಬಾಗಿನ್ಯಾಗ ಕಟಗಿ ಆರಿಸಾಕ ಹೋಗಿದ್ದೆ. ಸರ್ರ ಸರ್ರ ಅಂತ ಕಲ್ಲಿನ ಸಪ್ಪಳ. ಹೊತ್ತು ಮುಣುಗೋತನ ಬಿಡಲಿಲ್ಲ. ಹಿಂದಿನ ಬಿದ್ದ ಗ್ವಾಡಿ ಹಾರಿ ಬಂದಾನ ಅಂತ ತಿಳಕೊಂಡೆ.”

ಖಾಜಾ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮೆಲ್ಲಗೆ, “ಯವ್ವಾ, ಅಣ್ಣ ಅಮಾಸಿ ದಿನ ಮುಂಜಾನಿನ ತೀರ್ಕೊಂಡ,” ಅಂದ.

ತಾಯವ್ವ ಹುಣಸೆಯ ಅಂಟು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ತಡವರಿಸುತ್ತ ಮೇಲೆತ್ತಿ, ನನ್ನ ಹಣೆಯನ್ನು ಮುಟ್ಟಿ ನೋಡಿದಳು. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಕೈ ಕೆಳಗಿಳಿಸಿದಳು.

ನಾವು ಒಳಗೆ ಹೋದೆವು. ಕಣ್ಣು ಕಾಣದ ಮುದುಕಿ, ಏನೋ ಕೇಳಿರಬೇಕು, ಅಳಿಲೋ ಬಾವಲಿಯೋ, ಇಲ್ಲ ದಿನ ಮರೆತಿರಬೇಕು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ತಂಪು ಕೋಣೆಯ ಬಾಗಿಲಿಗೆ ಬೀಗ ಇತ್ತು. ಯಾರೂ ಒಡೆದಿರಲಿಲ್ಲ. ಅದರ ಮೇಲೆ ಸುಣ್ಣದ ಬೆರಳ ಗುರುತು ಒಣಗಿತ್ತು. ಖಾಜಾ ಕೀಲಿಕೈಗೆ ಕೈ ಚಾಚಿದ. ನಾನೇ ತೆರೆಯುತ್ತೇನೆ ಅಂದೆ. ತೆರೆದೆ.

ಬಾಗಿಲು ದೂಡಿದಾಗ ಮೊದಲು ಹಸಿರು ಕಂಡಿತು. ಗೋಡೆಯೇ ಬಿದ್ದುಹೋಗಿ ಆಚೆ ಕಡೆ ಇನ್ನೊಂದು ತೋಟ ಇದೆ ಎಂದು ಅನಿಸಿತು. ಬೇವಿನ ಗಿಡ, ದಾಳಿಂಬೆಯ ಕೊಂಬೆ, ಕಾಲುವೆಯ ಅಂಚು, ಜಾಲಂಧ್ರದ ತೂತು ತೂತು ನೆರಳು. ಕನ್ನಡಿಯಷ್ಟು ಸ್ಪಷ್ಟವಲ್ಲ, ನಿಂತ ನೀರಿನಲ್ಲಿ ಕಾಣುವ ಹಾಗೆ. ಅದರ ನಡುವೆ ಒಬ್ಬ ಹೆಂಗಸು ನಿಂತಿದ್ದಳು, ಬರಿಹಣೆ, ಹೆಗಲ ಮೇಲೆ ಸೆರಗು. ನಾನು ಚೀರಿದೆ. ಅದು ನಾನೇ ಎಂದು ತಿಳಿಯಲು ಎಷ್ಟು ಹೊತ್ತಾಯಿತೋ. ಅವರು ಹೋದ ಮೇಲೆ ನಾನು ಕನ್ನಡಿ ನೋಡಿರಲಿಲ್ಲ.

ಖಾಜಾ ಹೊಸ್ತಿಲಲ್ಲೇ ಕೂತುಬಿಟ್ಟಿದ್ದ. ಅವನ ಬಾಯಿಂದ ದೇವರ ಹೆಸರು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಗೋಡೆಗೆ ಹೊಚ್ಚಿದ್ದ ಗೋಣಿತಟ್ಟುಗಳನ್ನು ಯಾರೋ ಮಡಿಚಿ ಒಂದರ ಮೇಲೊಂದು ಮೂಲೆಯಲ್ಲಿ ಇಟ್ಟಿದ್ದರು. ಒಣಗಿ ಸೆಟೆದಿದ್ದವು. ಬಹಳ ಹೊತ್ತಿನ ಮೇಲೆ ಅವನು ಎದ್ದು, ಮೊಬೈಲಿನ ಟಾರ್ಚ್ ಹಚ್ಚಿ, ಗೋಡೆಗೆ ಹತ್ತಿರ ಓರೆಯಾಗಿ ಹಿಡಿದ. ಗೆರೆಗಳು ಎದ್ದವು. ಬಿಲ್ಲಿನಂಥ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲ ಎಡಕ್ಕೆ ಏರಿದ್ದವು. ಖಾಜಾ ಟಾರ್ಚ್ ಆರಿಸಿದ. ನಾನು ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು, ಹಸಿ ಇರಲಿಲ್ಲ. ನೋಡಬೇಕು ಮುಟ್ಟಬೇಕು ಎಂದು ಹಟ ಮಾಡಿ ಬಂದವಳು ನಾನು. ಆದರೆ ಕೈಯನ್ನು ಅಲ್ಲಿ ಹೆಚ್ಚು ಹೊತ್ತು ಇಡಲಾಗಲಿಲ್ಲ.

ಮಧ್ಯಾಹ್ನ ಗುತ್ತಿಗೆದಾರರು ಉಳಿ ಹಿಡಿದ ಆಳುಗಳೊಂದಿಗೆ ಬಂದರು. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಖಾಜಾನ ಬೆನ್ನು ತಟ್ಟಿದರು. ಇದು ನನ್ನ ಕೈಯಲ್ಲ ಸಾಹುಕಾರ ಎಂದು ಅವನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. “ಯಾರದರ ಇರಲಿ, ಛಲೋ ಆಗ್ಯಾದ. ಕೆತ್ತೂದು ಬ್ಯಾಡ,” ಎಂದು ಆಳುಗಳನ್ನು ಬೇರೆ ಕೋಣೆಗೆ ಕಳಿಸಿದರು. ಹೀಗೆ ಆ ಗೋಡೆ ಉಳಿಯಿತು.

ನಾನು ಯೋಚಿಸದೆ ಬಿಟ್ಟಿಲ್ಲ. ಹೊಸ ಬೀಗಕ್ಕೆ ಎರಡು ಕೀಲಿಕೈ ಇರುತ್ತವೆ. ಎರಡನೆಯದು ನಮ್ಮ ಮನೆಯಲ್ಲಿ ಎಲ್ಲೂ ಸಿಗಲಿಲ್ಲ. ಅದನ್ನು ಅವರೇ ಕಳೆದಿರಬಹುದು, ಯಾರಿಗಾದರೂ ಕೊಟ್ಟಿರಬಹುದು. ಖಾಜಾ ಅಣ್ಣನ ಮೇಲಿನ ಪ್ರೀತಿಯಿಂದ, ಗೋಡೆ ಉಳಿಯಲಿ ಎಂದು ತಾನೇ ಮಾಡಿ ಹೇಳದೆ ಇದ್ದಾನೆಯೇ ಎಂದು ಬಹಳ ದಿನ ಅನುಮಾನಿಸಿದೆ. ಅಮಾವಾಸ್ಯೆಯ ಮಧ್ಯಾಹ್ನ ಅವನು ನಮ್ಮ ಮನೆಯಲ್ಲಿದ್ದ, ಹೆಗಲು ಕೊಟ್ಟವರಲ್ಲಿ ಒಬ್ಬ. ಆದರೆ ಮುದುಕಿ ದಿನ ತಪ್ಪಿ ಹೇಳಿದ್ದರೆ? ಕೊನೆಗೆ ನೇರವಾಗಿಯೇ ಕೇಳಿದೆ. ಅವನು ಸಿಟ್ಟಾಗಲಿಲ್ಲ. ವಾಡೆಯ ಇನ್ನೊಂದು ಕೋಣೆಯಲ್ಲಿ ಹಸಿ ಲೇಪದ ಮೇಲೆ ನನ್ನೆದುರಿಗೇ ಎಡಗೈಯಲ್ಲಿ ಕಲ್ಲು ಹಿಡಿದು ತಿಕ್ಕಿ ತೋರಿಸಿದ. ಶಾಲೆಗೆ ಹೊಸದಾಗಿ ಸೇರಿದ ಮಗು ಬರೆದ ಹಾಗಿತ್ತು. ಕಲ್ಲು ಕೈಯಿಂದ ಜಾರಿ ಬಿತ್ತು. “ನನಗ ಬಂದಿದ್ರ ಹೌದು ನಾನ ಮಾಡೀನಿ ಅಂತ ಹೇಳಿ ನಿಮಗ ಸಮಾಧಾನ ಮಾಡ್ತಿದ್ದೆ ವೈನಿ,” ಅಂದ. ಅವನನ್ನು ಅನುಮಾನಿಸಿದ್ದು ಅಲ್ಲಿಗೆ ಮುಗಿಯಿತು. ಆ ಕೆಲಸ ಬಲ್ಲ ಬೇರೆ ಎಡಗೈಯವರು ಈ ಸುತ್ತಿನಲ್ಲಿ ಯಾರೂ ಇಲ್ಲ. ನಮ್ಮ ಮನೆಯವರ ತಿಕ್ಕುವ ಕಲ್ಲಂತೂ ಅಷ್ಟೂ ದಿನ ಮಾನ್ವಿಯಲ್ಲಿ, ನಮ್ಮ ಪಡಸಾಲೆಯಲ್ಲಿ, ಕುಂಕುಮ ಹಚ್ಚಿಸಿಕೊಂಡು ಹಾಗೇ ಕೂತಿತ್ತು.

ಮನೆಗೆ ಬಂದು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅತ್ತರು, ಮಗ ಕೆಲಸ ಮುಗಿಸಿ ಹೋದ ಎಂದು ಕೈ ಮುಗಿದರು. ಕೇಳಿದ ಬೇರೆಯವರೂ ಹಾಗೇ ಅನ್ನುತ್ತಾರೆ, ಎಂಥ ಪುಣ್ಯ, ನಿನಗೆ ಸಮಾಧಾನ ಆಗಿರಬೇಕು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನ ಆಗಲಿಲ್ಲ. ಮೊದಲು ಭಯ ಆಯಿತು, ಆಮೇಲೆ ಸಿಟ್ಟು ಬಂತು. ತಾಯವ್ವ ಹೇಳಿದ್ದು ನಿಜವಾದರೆ, ನಾನು ಇಲ್ಲಿ ಅವರ ಕಾಲ ಹತ್ತಿರ ಕೂತು ಒಂದು ಸಲ ಕಣ್ಣು ಬಿಡ್ರೀ ಎಂದು ಬೇಡುತ್ತಿದ್ದ ಹೊತ್ತಿನಲ್ಲೇ ಅಲ್ಲಿ ಕಲ್ಲಿನ ಸಪ್ಪಳ ಆಗುತ್ತಿತ್ತು. ಬರಲು ಆಗುವುದಿದ್ದರೆ ಅಲ್ಲಿಗೇಕೆ? ಗೋಡೆಯ ಹತ್ತಿರ ಹೋದವರು ನನ್ನ ಹತ್ತಿರ ಏಕೆ ಬರಲಿಲ್ಲ? ಇದನ್ನು ಯಾರನ್ನು ಕೇಳುವುದು? ನಂಬದೇ ಇದ್ದರೆ ಈ ಪ್ರಶ್ನೆಯೇ ಇಲ್ಲ. ಆದರೆ ಗೋಡೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಎರಡು ಮಳೆಗಾಲ ಕಳೆದಿವೆ. ವಾಡೆಯ ಕೆಲಸ ಮುಗಿದು, ಭಾನುವಾರಗಳಲ್ಲಿ ಜನ ನೋಡಲು ಬರುತ್ತಾರೆ. ತೋಟದ ಕಾಲುವೆಗೆ ಮೋಟರಿನಿಂದ ನೀರು ಬಿಟ್ಟಿದ್ದಾರೆ, ಮೀನಿನ ಮೈಯ ಕಲ್ಲು ಮತ್ತೆ ಸಪ್ಪಳ ಮಾಡುತ್ತದೆ. ನಾನು ಮೊನ್ನೆ ಹೋಗಿದ್ದೆ. ತಾಯವ್ವನಿಗೆ ಕಣ್ಣಿನ ಆಪರೇಷನ್ ಆಗಿದೆ. ನನ್ನನ್ನು ಮೊದಲ ಸಲ ನೋಡಿ, “ದನಿ ಕೇಳಿ ದಪ್ಪಕ ಇದ್ದಿ ಅಂತ ತಿಳಕೊಂಡಿದ್ದೆ,” ಅಂದಳು. ಆ ದಿನದ ಸಪ್ಪಳದ ಬಗ್ಗೆ ಮತ್ತೆ ಕೇಳಿದೆ. ಕೇಳಿದ್ದು ಕೇಳೀನಿ ಎಂದಷ್ಟೇ ಹೇಳಿದಳು.

ತಂಪು ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ತೋಟಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ನಿಂತು ನೋಡುವವರಿಗೆ ಕಾಣದ ಒಂದು ಜಾಗ ಆಗ ಕಣ್ಣಿಗೆ ಬಿತ್ತು. ಗೋಡೆಯ ಕೆಳಗಿನ ಮೂಲೆಯಲ್ಲಿ, ನೆಲಕ್ಕೆ ತಾಗಿದಂತೆ, ಒಂದು ಅಂಗೈ ಅಗಲದಷ್ಟು ಲೇಪಕ್ಕೆ ಮೆರುಗು ಇಲ್ಲ. ಗೋಣಿತಟ್ಟಿನ ನೇಯ್ಗೆಯ ಗುರುತು ಅದರ ಮೇಲೆ ಹಾಗೇ ಒಣಗಿ ಕೂತಿದೆ. ಅವರು ಕೆಲಸ ಅರ್ಧಕ್ಕೆ ಬಿಡುವ ಮನುಷ್ಯರಾಗಿರಲಿಲ್ಲ. ಯಾರು ತಿಕ್ಕಿದರೋ ಅವರು ಅಲ್ಲಿಯವರೆಗೆ ಬಂದು ಎದ್ದು ಹೋಗಿದ್ದಾರೆ. ಏಕೆಂದು ಗೊತ್ತಿಲ್ಲ; ತಾಯವ್ವ ಕೇಳಿದ ಸಪ್ಪಳ ನಿಂತ ಹೊತ್ತಿಗೇ ಮಾನ್ವಿಯಲ್ಲಿ ಅವರನ್ನು ಮಣ್ಣು ಮಾಡಿದ್ದರು. ಉಳಿದ ಗೋಡೆಯ ತುಂಬ ಬಾಗ್ ಕಾಣುತ್ತದೆ. ಅಷ್ಟು ಜಾಗದಲ್ಲಿ ಕಾಣುವುದಿಲ್ಲ.